ಮೀನುಕೊಳಕ್ಕೆ ದೀಪ: ಆಯ್ಕೆಯಿಂದ ಜೋಡಣೆಯವರೆಗೆ ಸಮಗ್ರ ಮಾರ್ಗದರ್ಶಿ

ತೋಟದ ಮೀನುಕೊಳಕ್ಕೆ ದೀಪ ಹಾಕುವಾಗ ಹೆಚ್ಚಿನವರು ಎಡವುವುದು ಬೆಳಕಿನ ಪ್ರಮಾಣದಲ್ಲಿ. ಬೇಕಾದ್ದಕ್ಕಿಂತ ಮೂರು ಪಟ್ಟು ಬೆಳಕು ಸುರಿಯುತ್ತಾರೆ. ಕೂತವರ ಕಣ್ಣಿಗೆ ಅದು ಚುಚ್ಚುತ್ತದೆ, ಮೀನುಗಳು ಮೂಲೆ ಸೇರುತ್ತವೆ, ಕೊಳದ ತಳದ ಕೆಸರು ಮಾತ್ರ ಎದ್ದು ಕಾಣುತ್ತದೆ. ಸಣ್ಣ ಎಲ್‌ಇಡಿ ದೀಪ ಎರಡೋ ಮೂರೋ ಇದ್ದು, ಅವುಗಳ ಓರೆ ಸರಿಯಾಗಿದ್ದು, ಕೆಟ್ಟಾಗ ನೀರಿಗಿಳಿಯದೆ ಎತ್ತಿ ತೆಗೆಯುವಂತಿದ್ದರೆ ಕೊಳ ಚೆನ್ನಾಗಿ ಕಾಣುತ್ತದೆ, ವರ್ಷಗಟ್ಟಲೆ ಬಾಳುತ್ತದೆ.

ಲೆಕ್ಕ ಸ್ಪಷ್ಟವಾಗಲೆಂದು ಇಲ್ಲಿ ಒಂದೇ ಕೊಳವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ: 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಆಳ, ಕಪ್ಪು ರಬ್ಬರ್ ಲೈನರ್ (ನೀರು ಇಂಗದಂತೆ ಕೊಳಕ್ಕೆ ಹಾಸುವ ಹಾಳೆ), ಒಂದು ತುದಿಯಲ್ಲಿ ಚಿಕ್ಕ ಜಲಪಾತ, ಸುಮಾರು 6,000 ಲೀಟರ್ ನೀರು. ಮನೆಯಿಂದ 20 ಮೀಟರ್ ದೂರ. ನಿಮ್ಮ ಕೊಳದ ಅಳತೆ ಬೇರೆಯಿದ್ದರೆ ಅಂಕಿ ಬದಲಿಸಿಕೊಳ್ಳಿ, ಲೆಕ್ಕ ಮಾಡುವ ರೀತಿ ಅದೇ.

ಮೊದಲು ನೀರು

ನೀರಿನೊಳಗಿನ ದೀಪ ಅಲ್ಲಿ ತೇಲುವ ಪ್ರತಿ ಕಣವನ್ನೂ ಬೆಳಗಿಸುತ್ತದೆ. ಹಗಲಲ್ಲಿ ತಿಳಿಯಾಗಿ ಕಂಡ ನೀರು ರಾತ್ರಿ ಮಂಜು ಕವಿದಂತೆ ಕಾಣುವುದು ಇದಕ್ಕೇ. ಒಂದು ಬಿಳಿ ತಟ್ಟೆಗೆ ದಾರ ಕಟ್ಟಿ ನೀರಿಗೆ ಇಳಿಸಿ ನೋಡಿ. 70–80 ಸೆಂಟಿಮೀಟರ್ ಆಳದಲ್ಲೂ ಅದರ ಅಂಚು ಸ್ಪಷ್ಟವಾಗಿ ಕಂಡರೆ ದೀಪ ಹಾಕಬಹುದು. 40 ಸೆಂಟಿಮೀಟರಿಗೇ ಮಾಯವಾದರೆ ಮೊದಲು ಫಿಲ್ಟರ್, ಮೀನಿನ ಸಂಖ್ಯೆ, ಹಾಕುವ ಆಹಾರದ ಪ್ರಮಾಣ ಇವನ್ನು ಸರಿಪಡಿಸಿ. ನೀರು ಹಸಿರಾಗಿದ್ದಾಗ ಇನ್ನಷ್ಟು ವ್ಯಾಟ್ ಸೇರಿಸಿದರೆ ಹಸಿರು ಮಂಜು ದಟ್ಟವಾಗುತ್ತದೆಯೇ ಹೊರತು ಮೀನು ಕಾಣುವುದಿಲ್ಲ.

ನೀರಿನಲ್ಲಿ ಬೆಳಕಿನ ನಡೆ

ಇದೊಂದು ಅರ್ಥವಾದರೆ ಅರ್ಧ ಕೆಲಸ ಮುಗಿದಂತೆ. ಕೊಳದ ಒಳಗಿನಿಂದ ಮೇಲಕ್ಕೆ ಹೋಗುವ ಬೆಳಕು ನೆಟ್ಟಗೆ ಹೋದರೆ ನೀರಿನಿಂದ ಹೊರಗೆ ಬರುತ್ತದೆ. ಓರೆ ಹೆಚ್ಚಾಗಿ, ಲಂಬರೇಖೆಯಿಂದ ಸುಮಾರು 49 ಡಿಗ್ರಿ ದಾಟಿದರೆ, ನೀರಿನ ಮೇಲ್ಮೈ ಒಳಗಿನಿಂದ ಕನ್ನಡಿಯಾಗಿಬಿಡುತ್ತದೆ. ಬೆಳಕು ಪೂರ್ತಿ ಪ್ರತಿಫಲಿಸಿ ಮತ್ತೆ ನೀರಿಗೇ ಇಳಿಯುತ್ತದೆ. ಅಲೆಯಿದ್ದಾಗ ಸ್ವಲ್ಪ ಹೊರಗೆ ಸೋರುತ್ತದೆ, ಆದರೂ ನಿಯಮ ಅದೇ.

ಇದನ್ನು ಬಳಸಿಕೊಳ್ಳುವುದು ಹೀಗೆ. ದೀಪವನ್ನು ಮಟ್ಟಸಕ್ಕಿಂತ 20 ಡಿಗ್ರಿಯಷ್ಟು ಮಾತ್ರ ಮೇಲಕ್ಕೆ ಎತ್ತಿ. ದೀಪದ ಬೆಳಕಿನ ಹರವು 40 ಡಿಗ್ರಿ ಇದ್ದರೆ ಅದರ ಮೇಲಂಚು 40 ಡಿಗ್ರಿಗೆ ನಿಲ್ಲುತ್ತದೆ, ಕನ್ನಡಿಯ ಮಿತಿಯಾದ 41 ಡಿಗ್ರಿಯೊಳಗೇ (ಲಂಬರೇಖೆಯಿಂದ 49 ಅಂದರೆ ಮಟ್ಟಸದಿಂದ 90 − 49 = 41) ಉಳಿಯುತ್ತದೆ. ನೇರವಾಗಿ ಬಿದ್ದ ಬೆಳಕಿನ ಜೊತೆಗೆ ಮೇಲ್ಮೈಯಿಂದ ಮರಳಿದ ಬೆಳಕೂ ಮೀನಿನ ಮೈಮೇಲೆ ಬೀಳುತ್ತದೆ, ದಂಡೆಯಲ್ಲಿ ಕೂತವರ ಕಣ್ಣಿಗೆ ಬಲ್ಬಿನ ಝಳ ತಟ್ಟುವುದಿಲ್ಲ. ಅದೇ ದೀಪವನ್ನು ತಳದಲ್ಲಿ ಆಕಾಶಕ್ಕೆ ಮುಖ ಮಾಡಿ ಇಟ್ಟರೆ ಬೆಳಕಿನ ಬಹುಪಾಲು ಹೊರಗೆ ಹೋಗಿ ವ್ಯರ್ಥ.

ಎರಡನೆಯ ನಿಯಮ ದಿಕ್ಕಿನದು. ನೀವು ಯಾವ ಕಡೆ ಕೂತು ನೋಡುತ್ತೀರೋ ಆ ಕಡೆಯ ದಂಡೆಯ ಕೆಳಗೇ ದೀಪ ಇರಬೇಕು, ಅದರ ಮುಖ ನಿಮ್ಮಿಂದ ಆಚೆಗಿರಬೇಕು. ಆಗ ದೀಪ ದಂಡೆಯ ಮರೆಯಲ್ಲಿ ಅಡಗುತ್ತದೆ, ಮೀನು ನಿಮಗೆ ಕಾಣುವ ಬದಿಯಲ್ಲೇ ಬೆಳಗುತ್ತದೆ. ಎದುರು ದಂಡೆಯಿಂದ ನಿಮ್ಮತ್ತ ಬೆಳಕು ಬಿಟ್ಟರೆ ಮೀನುಗಳು ಕಪ್ಪು ನೆರಳಾಗಿ ಕಾಣುತ್ತವೆ.

ಆಳ: ಮೇಲ್ಮೈಯಿಂದ 30–45 ಸೆಂಟಿಮೀಟರ್. ಇದಕ್ಕಿಂತ ಮೇಲಿದ್ದರೆ ಬೇಸಿಗೆಯಲ್ಲಿ ನೀರು ಇಳಿದಾಗ ದೀಪ ಗಾಳಿಗೆ ತೆರೆದುಕೊಳ್ಳುತ್ತದೆ. ತಳದಲ್ಲಿಟ್ಟರೆ ಕೆಸರು ಮುಚ್ಚುತ್ತದೆ, ಕೈಗೂ ಎಟಕುವುದಿಲ್ಲ. ಕಪ್ಪು ಲೈನರ್ ಬೆಳಕನ್ನು ಹೀರುತ್ತದೆ. ಹಾಗಾಗಿ ತಳವನ್ನು ಬೆಳಗಿಸುವ ಆಸೆ ಬಿಡಿ. ಕಪ್ಪು ಹಿನ್ನೆಲೆಯಲ್ಲಿ ಕೆಂಪು, ಬಿಳಿ ಮೀನು ತೇಲುವುದೇ ಚೆಂದ.

ದಂಡೆಯ ಮೇಲಿನಿಂದ ನೀರಿಗೆ ಬೆಳಕು ಬಿಡುವುದಾದರೆ ಆದಷ್ಟು ಎತ್ತರದಿಂದ, ಕಡಿದಾಗಿ ಕೆಳಮುಖವಾಗಿ ಬಿಡಿ. ತಗ್ಗಿನಲ್ಲಿಟ್ಟ ಫ್ಲಡ್‌ಲೈಟಿನ ಬೆಳಕು ನೀರಿನ ಮೇಲೆ ಜಾರಿ ಎದುರಿಗಿರುವವರ ಮುಖಕ್ಕೆ ಹೊಡೆಯುತ್ತದೆ.

ಜಲಪಾತಕ್ಕೆ ಒಂದು ಮಾತು. ನುಣುಪಾಗಿ ಹಾಳೆಯಂತೆ ಬೀಳುವ ನೀರು ಬೆಳಕನ್ನು ಹಿಡಿಯುವುದಿಲ್ಲ, ಆರಪಾರ ಬಿಟ್ಟುಬಿಡುತ್ತದೆ. ಬೆಳಕನ್ನು ಹಿಡಿಯುವುದು ನೊರೆ ಮತ್ತು ಗುಳ್ಳೆ. ನೀರು ಬಿದ್ದು ಕದಡುವ ಜಾಗದಲ್ಲಿ, 15–20 ಸೆಂಟಿಮೀಟರ್ ಕೆಳಗೆ, ದೀಪವನ್ನು ಮೇಲ್ಮುಖವಾಗಿ ಇಡಿ. ಮೇಲ್ಮುಖ ದೀಪ ಸರಿಹೋಗುವ ಜಾಗ ಕೊಳದಲ್ಲಿ ಇದೊಂದೇ.

ಎಂಥ ದೀಪ ಕೊಳ್ಳಬೇಕು

ನೀರಿನೊಳಗಿಡುವ ದೀಪಕ್ಕೆ ಐಪಿ 68 ಗುರುತು ಇರಲೇಬೇಕು (ಐಪಿ ಎಂದರೆ ಧೂಳು, ನೀರನ್ನು ಎಷ್ಟು ತಡೆಯುತ್ತದೆ ಎಂದು ತಿಳಿಸುವ ಅಂಕಿ). ಐಪಿ 67 ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದ್ದರೆ ತಡೆಯುತ್ತದೆ ಎಂದಷ್ಟೇ. ಐಪಿ 65 ಇರುವುದು ಮಳೆ ಮತ್ತು ನೀರಿನ ಎರಚಲು ತಡೆಯುವುದಕ್ಕೆ, ಅದು ದಂಡೆಯ ಮೇಲೆ ಸಾಕು. ಐಪಿ 68ರಲ್ಲೂ ಎಷ್ಟು ಆಳಕ್ಕೆ ಎಂಬುದನ್ನು ತಯಾರಕರೇ ನಿಗದಿ ಮಾಡುತ್ತಾರೆ. ಡಬ್ಬಿಯ ಮೇಲೆ ಆಳ ಬರೆದಿಲ್ಲದಿದ್ದರೆ ಆ ದೀಪ ಬೇಡ.

ಇನ್ನೊಂದು ಸಾಲನ್ನೂ ಓದಿ: "ನೀರಿನೊಳಗೆ ಮಾತ್ರ" ಎಂದಿದೆಯೇ? ಅಂಥ ದೀಪ ತನ್ನ ಬಿಸಿಯನ್ನು ನೀರಿಗೆ ಬಿಟ್ಟು ತಣ್ಣಗಾಗುತ್ತದೆ. ಗಾಳಿಯಲ್ಲಿ ಉರಿಸಿದರೆ ಬೇಗ ಸಾಯುತ್ತದೆ. ಹಳೆಯ ಹ್ಯಾಲೊಜೆನ್ ದೀಪಗಳ ಗಾಜು ಹೀಗೆಯೇ ಒಡೆಯುತ್ತಿತ್ತು. ಈಗ ಹ್ಯಾಲೊಜೆನ್ ಕೊಳ್ಳುವುದಕ್ಕೆ ಯಾವ ಕಾರಣವೂ ಉಳಿದಿಲ್ಲ.

ಬಣ್ಣಕ್ಕೆ 2,700–3,000 ಕೆಲ್ವಿನ್‌ನ ಬೆಚ್ಚನೆಯ ಬಿಳಿ. ಕೋಯಿ, ಗೋಲ್ಡ್‌ಫಿಶ್‌ಗಳ ಕೆಂಪು, ಕಿತ್ತಳೆ ಬಣ್ಣ ಇದರಲ್ಲಿ ಜೀವಂತವಾಗಿ ಕಾಣುತ್ತದೆ, ಹುಳುಗಳೂ ತಣ್ಣನೆಯ ಬಿಳಿಗಿಂತ ಕಡಿಮೆ ಮುತ್ತುತ್ತವೆ. ನೀಲಿ ಬೆಳಕಿನಲ್ಲಿ ಕೆಂಪು ಮೀನು ಕಪ್ಪಗಾಗುತ್ತದೆ, ಏಕೆಂದರೆ ಅದರ ಮೈ ಪ್ರತಿಫಲಿಸಬೇಕಾದ ಕೆಂಪು ಆ ಬೆಳಕಿನಲ್ಲಿ ಇರುವುದೇ ಇಲ್ಲ. ಬಣ್ಣ ಬದಲಿಸುವ ದೀಪಗಳು ಅಂಗಡಿಯಲ್ಲಿ ಮೋಹಕವಾಗಿ ಕಾಣುತ್ತವೆ. ಮೀನಿರುವ ಕೊಳಕ್ಕೆ ಅವನ್ನು ನಾವು ಒಪ್ಪುವುದಿಲ್ಲ.

ಲೋಹದ ವಿಷಯದಲ್ಲಿ ರಾಜಿ ಬೇಡ. ತಾಮ್ರ ಮತ್ತು ಸತು ನೀರಿನಲ್ಲಿ ಕರಗಿದರೆ ಮೀನಿಗೆ ವಿಷ. ನೀರು ಮೆದುವಾಗಿ, ಆಮ್ಲೀಯವಾಗಿದ್ದಷ್ಟೂ ಅಪಾಯ ಹೆಚ್ಚು. ಆದ್ದರಿಂದ ಹಿತ್ತಾಳೆಯ ದೀಪ, ಸತು ಲೇಪಿಸಿದ ಬ್ರ್ಯಾಕೆಟ್, ಸತು ಲೇಪದ ಸ್ಕ್ರೂ ಯಾವುದೂ ನೀರಿಗಿಳಿಯಬಾರದು. 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಗಟ್ಟಿ ಪ್ಲಾಸ್ಟಿಕ್ ಮೈಯ ದೀಪ ಆರಿಸಿ. ಅಂಟಿಸಬೇಕಾಗಿ ಬಂದರೆ ಅಕ್ವೇರಿಯಂಗೆಂದೇ ಮಾಡಿದ ಸಿಲಿಕೋನ್ ಬಳಸಿ. ಬಚ್ಚಲುಮನೆಯ ಸಿಲಿಕೋನ್‌ನಲ್ಲಿ ಬೂಸ್ಟು ತಡೆಯುವ ಔಷಧ ಬೆರೆತಿರುತ್ತದೆ, ಅದು ಮೀನಿಗೆ ಮಾರಕ.

ಸೌರದೀಪ ತಂತಿಯ ಕೆಲಸ ತಪ್ಪಿಸುತ್ತದೆ, ನಿಜ. ಬೆಳಕು ಮಂದ, ಮೋಡದ ದಿನಗಳಲ್ಲಿ ಇನ್ನೂ ಮಂದ. ದಂಡೆ ಗುರುತಿಸಲು ಸಾಕು, ಮೀನು ನೋಡಲು ಸಾಲದು.

ನಮ್ಮ ಉದಾಹರಣೆಯ ಕೊಳಕ್ಕೆ ಆಯ್ಕೆ ಹೀಗಾಗುತ್ತದೆ: ನೀರಿನೊಳಗೆ 4 ವ್ಯಾಟ್‌ನ ಎರಡು ದೀಪ, 40 ಡಿಗ್ರಿ ಹರವು, ಜಲಪಾತದ ಕೆಳಗೆ 3 ವ್ಯಾಟ್‌ನದೊಂದು, ದಂಡೆಯ ಗಿಡಕ್ಕೆ 3 ವ್ಯಾಟ್‌ನದೊಂದು. ಒಟ್ಟು 14 ವ್ಯಾಟ್.

ಕರೆಂಟಿನ ಲೆಕ್ಕ

ನೀರಿಗೆ ಇಳಿಯುವ ದೀಪ 12 ವೋಲ್ಟ್‌ನದೇ ಆಗಿರಲಿ. ಅದಕ್ಕೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರ್ ಐಸೊಲೇಟಿಂಗ್ ಬಗೆಯದಾಗಿರಬೇಕು, ಅಂದರೆ ಮನೆಯ ಕರೆಂಟಿನ ಸುರುಳಿಗೂ 12 ವೋಲ್ಟ್ ಸುರುಳಿಗೂ ತಂತಿಯ ಸಂಪರ್ಕವೇ ಇರಬಾರದು. ಆಟೋ ಟ್ರಾನ್ಸ್‌ಫಾರ್ಮರ್‌ನಲ್ಲಿ ಎರಡಕ್ಕೂ ಒಂದೇ ಸುರುಳಿ. ಅದರೊಳಗೆ ತಂತಿ ಕಡಿದರೆ ಮನೆಯ ಪೂರ್ತಿ ವೋಲ್ಟೇಜ್ ಕೊಳಕ್ಕೆ ಬರಬಹುದು.

ದೀಪ ಎಸಿಯದೋ ಡಿಸಿಯದೋ ನೋಡಿ ಅದಕ್ಕೆ ಹೊಂದುವುದನ್ನೇ ತನ್ನಿ. ಎಸಿಗೆ ತಾಮ್ರದ ಸುರುಳಿಯ ಭಾರವಾದ ಟ್ರಾನ್ಸ್‌ಫಾರ್ಮರ್ ಒಳ್ಳೆಯದು. ಹಗುರವಾದ "ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್" ಹ್ಯಾಲೊಜೆನ್ ಕಾಲದ್ದು. ಅದಕ್ಕೆ ಕನಿಷ್ಠ ಇಷ್ಟು ವ್ಯಾಟ್ ಹೊರೆ ಇರಬೇಕೆಂಬ ನಿಯಮವಿರುತ್ತದೆ, ಸಣ್ಣ ಎಲ್‌ಇಡಿ ಜೋಡಿಸಿದರೆ ಮಿನುಗುತ್ತದೆ. ಸಾಮಾನ್ಯವಾಗಿ ಅದರ 12 ವೋಲ್ಟ್ ತಂತಿ 2 ಮೀಟರಿಗಿಂತ ಉದ್ದವಿರುವಂತಿಲ್ಲ. ಕೊಳಕ್ಕೆ ಅದು ಹೊಂದುವುದೇ ಇಲ್ಲ. ದೀಪ ಡಿಸಿಯದಾದರೆ 12 ವೋಲ್ಟ್ ಸ್ಥಿರವಾಗಿ ಕೊಡುವ ಎಲ್‌ಇಡಿ ಡ್ರೈವರ್ ಬೇಕು, ಪ್ಲಸ್ ಮೈನಸ್ ಅದಲುಬದಲಾಗಬಾರದು.

ಗಾತ್ರ: ಒಟ್ಟು ವ್ಯಾಟನ್ನು 0.8ರಿಂದ ಭಾಗಿಸಿ. 14 ÷ 0.8 = 17.5. 20 ವ್ಯಾಟ್ ಸಾಕಾಗುತ್ತದೆ, ಆದರೆ ಮುಂದೆ ಒಂದೆರಡು ದೀಪ ಸೇರುವುದು ಖಂಡಿತ. 30 ವ್ಯಾಟ್‌ನದು ತನ್ನಿ. 12 ವೋಲ್ಟ್ ಕಡೆಗೂ ಫ್ಯೂಸ್ ಬೇಕು, 30 ವ್ಯಾಟಿಗೆ 3 ಆಂಪ್. ವೋಲ್ಟೇಜ್ ಕಡಿಮೆಯಾದರೂ ಶಾರ್ಟ್ ಆದಾಗ ತಂತಿ ಬಿಸಿಯೇರುವಷ್ಟು ಕರೆಂಟು ಹರಿಯುತ್ತದೆ.

ಈಗ ತಂತಿಯ ದಪ್ಪ. ತಾಮ್ರದ ತಂತಿಯಲ್ಲಿ ವೋಲ್ಟೇಜ್ ಎಷ್ಟು ಇಳಿಯುತ್ತದೆ ಎಂಬುದಕ್ಕೆ ಸೂತ್ರ ಇದು:

ಇಳಿಕೆ = 2 × ಉದ್ದ (ಮೀಟರ್) × ಕರೆಂಟು (ಆಂಪ್) × 0.0175 ÷ ತಂತಿಯ ದಪ್ಪ (ಅಡ್ಡಕೊಯ್ತದ ಚದರ ಮಿಲಿಮೀಟರ್)

14 ವ್ಯಾಟ್ ಅಂದರೆ 12 ವೋಲ್ಟ್‌ನಲ್ಲಿ 1.17 ಆಂಪ್. 20 ಮೀಟರ್ ದೂರಕ್ಕೆ 0.75 ತಂತಿ ಹಾಕಿದರೆ 1.09 ವೋಲ್ಟ್ ಹೋಗುತ್ತದೆ, 1.5ಕ್ಕೆ 0.55 ವೋಲ್ಟ್, 2.5ಕ್ಕೆ 0.33. ಶೇಕಡಾ 5, ಅಂದರೆ 0.6 ವೋಲ್ಟ್, ದಾಟದಿದ್ದರೆ ಒಳ್ಳೆಯದು. ಲೆಕ್ಕಕ್ಕೆ 1.5 ಸಾಕು. ಆದರೂ 2.5ರದನ್ನೇ ಹೂಳಿ. ದೀಪ ಬದಲಿಸುವುದು ಸುಲಭ, ನೆಲ ಮತ್ತೆ ಅಗೆಯುವುದು ಕಷ್ಟ.

ಒಂದು ದೀಪದಿಂದ ಇನ್ನೊಂದಕ್ಕೆ ಸರಪಳಿಯಂತೆ ತಂತಿ ಎಳೆಯಬೇಡಿ. ಕೊನೆಯ ದೀಪ ಮಂಕಾಗುತ್ತದೆ, ನಡುವಿನ ಒಂದು ಜೋಡಣೆ ಕೆಟ್ಟರೆ ಮುಂದಿನದ್ದೆಲ್ಲ ಆರುತ್ತದೆ. ದಪ್ಪ ತಂತಿಯನ್ನು ಕೊಳದ ಹತ್ತಿರದ ಜಂಕ್ಷನ್ ಬಾಕ್ಸ್‌ವರೆಗೆ ತಂದು, ಅಲ್ಲಿಂದ ಪ್ರತಿ ದೀಪಕ್ಕೂ ಬೇರೆ ಬೇರೆ ತಂತಿ ಕೊಡಿ.

ಟ್ರಾನ್ಸ್‌ಫಾರ್ಮರ್‌ವರೆಗಿನ ಮುಖ್ಯ ಕರೆಂಟಿನ ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನದು. ಅಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ತಾನಾಗಿ ಬೀಳುವ ಸ್ವಿಚ್ಚು) ಇರಲೇಬೇಕು. ಅದು ಕಾಯುವುದು ಮುಖ್ಯ ಕರೆಂಟಿನ ಭಾಗವನ್ನು, ಅಂದರೆ ಪಂಪು, ಟ್ರಾನ್ಸ್‌ಫಾರ್ಮರ್‌ವರೆಗಿನ ತಂತಿ, ಪ್ಲಗ್ ಇವನ್ನು. ಐಸೊಲೇಟಿಂಗ್ ಟ್ರಾನ್ಸ್‌ಫಾರ್ಮರ್‌ನ ಆಚೆಗಿನ 12 ವೋಲ್ಟ್ ಸೋರಿಕೆ ಅದಕ್ಕೆ ತಿಳಿಯುವುದಿಲ್ಲ. 12 ವೋಲ್ಟ್ ಕಡೆಗೆ ಅರ್ಥಿಂಗ್ ಕೊಡುವಂತಿಲ್ಲ.

ಜೋಡಣೆ, ಹಂತ ಹಂತವಾಗಿ

1. ಕೊಳ್ಳುವ ಮೊದಲೇ ರಾತ್ರಿ ಪ್ರಯೋಗ ಮಾಡಿ. ಬ್ಯಾಟರಿ ಟಾರ್ಚೊಂದನ್ನು ಬಿಗಿ ಮುಚ್ಚಳದ ಗಾಜಿನ ಭರಣಿಯಲ್ಲಿಟ್ಟು, ಭರಣಿಯನ್ನು ಕೋಲಿಗೆ ಕಟ್ಟಿ, ನೀರಿನಲ್ಲಿ ಬೇರೆ ಬೇರೆ ಕಡೆ ಮುಳುಗಿಸಿ ಹಿಡಿಯಿರಿ. ಇನ್ನೊಬ್ಬರು ಕೂರುವ ಜಾಗದಿಂದ ನೋಡಿ ಹೇಳಲಿ. ಮೆಚ್ಚಿಗೆಯಾದ ಜಾಗಕ್ಕೆ ದಂಡೆಯಲ್ಲಿ ಗುರುತು ಹಾಕಿ.

2. ತಂದ ಪ್ರತಿ ದೀಪವನ್ನೂ ಬಕೆಟ್ ನೀರಿನಲ್ಲಿ ಮುಳುಗಿಸಿ, ಒಂದು ಸಂಜೆ ಪೂರ್ತಿ ಉರಿಸಿ, ಆರಿಸಿ, ಬೆಳಗಿನವರೆಗೆ ನೀರಿನಲ್ಲೇ ಬಿಡಿ. ಬಿಸಿಯಾದ ದೀಪ ತಣಿಯುವಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ದುರ್ಬಲ ಸೀಲು ಸಿಕ್ಕಿಬೀಳುವುದು ಆಗಲೇ. ಬೆಳಿಗ್ಗೆ ಗಾಜಿನ ಒಳಗೆ ಹಬೆಯ ಹನಿ ಕಂಡರೆ ವಾಪಸು ಕೊಡಿ.

3. ಟ್ರಾನ್ಸ್‌ಫಾರ್ಮರ್‌ನ ಜಾಗ ಕೊಳದಿಂದ ಕನಿಷ್ಠ 2 ಮೀಟರ್ ಆಚೆ, ನಿಮ್ಮ ಕಡೆಯ ನಿಯಮ ಇನ್ನೂ ದೂರ ಕೇಳಿದರೆ ಅಷ್ಟು. ನೆಲದಲ್ಲಿಡದೆ ಗೋಡೆಗೆ, ಮಳೆನೀರು ನಿಲ್ಲುವ ಮಟ್ಟಕ್ಕಿಂತ ಮೇಲೆ, ನೆರಳಿನಲ್ಲಿ, ಗಾಳಿಯಾಡುವಂತೆ ಕೂರಿಸಿ. ಪ್ಲಾಸ್ಟಿಕ್ ಚೀಲ ಸುತ್ತಿದರೆ ಒಳಗೆ ಬೇಯುತ್ತದೆ.

4. ಕಾಲುವೆ ತೋಡಿ 12 ವೋಲ್ಟ್ ತಂತಿಗೆ 32 ಮಿಲಿಮೀಟರ್ ಪೈಪ್ ಹೂಳಿ. ಆಳ ಕನಿಷ್ಠ 30 ಸೆಂಟಿಮೀಟರ್, ಗುದ್ದಲಿ ಬೀಳುವ ಜಾಗದಲ್ಲಿ 45. ಪೈಪಿನ ಕೊಳದ ಕಡೆಯ ಬಾಯಿ ನೀರಿನ ಮಟ್ಟಕ್ಕಿಂತ ಮೇಲಿದ್ದು ಕೆಳಮುಖವಾಗಿ ಬಾಗಿರಲಿ. ಇಲ್ಲದಿದ್ದರೆ ಜೋರು ಮಳೆಯಲ್ಲಿ ಕೊಳ ತುಂಬಿ ನೀರು ಪೈಪಿನ ಮೂಲಕ ಹೊರಟುಬಿಡುತ್ತದೆ. ತಂತಿಯ ಜೊತೆಗೆ ಒಂದು ನೈಲಾನ್ ದಾರವನ್ನೂ ಒಳಗೆ ಬಿಟ್ಟಿಡಿ, ಮುಂದೆ ಇನ್ನೊಂದು ತಂತಿ ಎಳೆಯಲು ಬೇಕಾಗುತ್ತದೆ. ಬಾಯಿಗೆ ತೆಗೆಯಬಹುದಾದ ಸ್ಪಂಜು ತುರುಕಿದರೆ ಇಲಿ, ಇರುವೆ ಸೇರುವುದಿಲ್ಲ.

5. ಎಲ್ಲ ಜೋಡಣೆಯೂ ನೀರಿನ ಹೊರಗೇ ಇರಲಿ. ಇನ್ಸುಲೇಷನ್ ಟೇಪು ಇಲ್ಲಿ ಕೆಲಸಕ್ಕೆ ಬಾರದು. ಜೆಲ್ ಅಥವಾ ರೆಸಿನ್ ತುಂಬಿದ ಕನೆಕ್ಟರ್ ಬಳಸಿ. ಹೀಗೆ ಒತ್ತಿ ಹೇಳಲು ಕಾರಣವಿದೆ: ತಂತಿಯ ತುದಿ ಒದ್ದೆಯಾದರೆ ಒಳಗಿನ ಸಣ್ಣ ಎಳೆಗಳ ನಡುವೆ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಏರಿ ದೀಪದ ಒಡಲನ್ನೇ ಸೇರುತ್ತದೆ. ಸೀಲು ಚೆನ್ನಾಗಿದ್ದೂ ದೀಪದೊಳಗೆ ನೀರು ಬಂದಿದ್ದರೆ ಬಹುಪಾಲು ದಾರಿ ಇದೇ. ಬಾಕ್ಸಿಗೆ ತಂತಿ ಕೆಳಗಿನಿಂದಲೇ ಹೋಗಲಿ, ಹೋಗುವ ಮುನ್ನ ಒಂದು ಸುತ್ತು ತಗ್ಗಿ ಬರಲಿ. ಆಗ ಹನಿ ತಂತಿಗುಂಟ ಒಳಗೆ ಹೋಗದೆ ಅಲ್ಲೇ ಬೀಳುತ್ತದೆ.

6. ಲೈನರ್‌ಗೆ ತೂತು ಕೊರೆಯಬೇಡಿ. ತಂತಿ ದಂಡೆಯ ಮೇಲಿಂದ, ಅಂಚುಗಲ್ಲಿನ ಕೆಳಗಿನಿಂದ ಇಳಿಯಲಿ. ಕಲ್ಲಿನ ಭಾರ ತಂತಿಯ ಮೇಲೆ ಬೀಳದಂತೆ ಅದಕ್ಕೊಂದು ತೋಡು ಕೊರೆದಿಡಿ. ಪ್ರತಿ ದೀಪಕ್ಕೂ 1 ಮೀಟರಿಗೂ ಹೆಚ್ಚು ತಂತಿ ಸಡಿಲವಾಗಿ ಉಳಿಯಲಿ, ದೀಪ ದಂಡೆಯ ಮೇಲಕ್ಕೆ ಬರುವಷ್ಟು.

7. ದೀಪಗಳನ್ನು ಕೂರಿಸುವ ಮೊದಲು ದೀಪದ ಜೊತೆಗೆ ಪಂಪು, ಪಾಚಿ ಕೊಲ್ಲುವ ಯುವಿ ದೀಪ, ಏರ್ ಪಂಪು ಎಲ್ಲದರ ಪ್ಲಗ್ ಕಿತ್ತಿಡಿ. ಕೊಳದಲ್ಲಿ ಆಘಾತ ಕೊಡುವುದು 12 ವೋಲ್ಟ್ ದೀಪಕ್ಕಿಂತ ಹೆಚ್ಚಾಗಿ ಮುಖ್ಯ ಕರೆಂಟಿನ ಹಳೆಯ ಪಂಪು. ಆಮೇಲೆ ಪ್ರತಿ ದೀಪವನ್ನೂ 3 ಕಿಲೋ ತೂಕದ ಚಪ್ಪಟೆ ಕಲ್ಲಿಗೆ ಬಿಗಿದು ಒಳಮೆಟ್ಟಿಲ ಮೇಲೆ ಇಡಿ. ಕಲ್ಲಿನಡಿ ಲೈನರ್‌ನ ಒಂದು ತುಂಡು ಹಾಸಿ. ಹಗುರವಾಗಿ ಇಟ್ಟರೆ ದೊಡ್ಡ ಕೋಯಿ ಮೂತಿಯಿಂದ ನೂಕಿ ಒಂದೇ ರಾತ್ರಿಯಲ್ಲಿ ದಿಕ್ಕು ತಪ್ಪಿಸುತ್ತದೆ. ಕತ್ತರಿಸಿದ ಕೇಬಲ್ ಟೈ ತುದಿ, ಬ್ರ್ಯಾಕೆಟ್ಟಿನ ಮೊನೆ ಬೆರಳಿಗೆ ತಾಗಿದರೆ ಮೀನಿನ ಹುರುಪೆಗೂ ತಾಗುತ್ತದೆ, ಅರದಿಂದ ಉಜ್ಜಿ. ಮೆಟ್ಟಿಲಿಲ್ಲದ ಕೊಳವಾದರೆ ದಂಡೆಯಿಂದ 316 ಸ್ಟೀಲ್ ಪಟ್ಟಿಯಲ್ಲಿ ತೂಗುಬಿಡಿ.

8. ಓರೆ ಹೊಂದಿಸುವ ಕೆಲಸ ಕತ್ತಲಾದ ಮೇಲೆ. ಕೂರುವ ಜಾಗದಿಂದ ನೋಡಿ, ಮತ್ತೆ ಎಲ್ಲ ಪ್ಲಗ್ ಕಿತ್ತು, ತಿರುಗಿಸಿ, ಮತ್ತೆ ನೋಡಿ. ದೀಪ ಉರಿಯುವಾಗ ಪ್ರತಿ ತಂತಿಯ ಕೊನೆಯ ಕನೆಕ್ಟರ್‌ನಲ್ಲಿ ಮಲ್ಟಿಮೀಟರ್ ಹಿಡಿಯಿರಿ, 11.4 ವೋಲ್ಟ್‌ಗಿಂತ ಕೆಳಗಿರಬಾರದು. ಒಂದು ವಾರ ಉರಿದ ಮೇಲೆ ಕಾಲುವೆ ಮುಚ್ಚಿ. ಪೈಪಿನ ಮೇಲೆ ಅರ್ಧದಷ್ಟು ಮಣ್ಣಾದಾಗ ಎಚ್ಚರಿಕೆಯ ಟೇಪು ಹಾಸಿ.

ಮೀನಿಗೂ ರಾತ್ರಿ ಬೇಕು

ಮೀನಿಗೆ ರೆಪ್ಪೆಯಿಲ್ಲ. ಬೆಳಕು ಬೇಡವೆನಿಸಿದರೆ ಅದು ಮಾಡಬಹುದಾದ್ದು ಒಂದೇ, ಕತ್ತಲೆಯಿರುವ ಕಡೆಗೆ ಹೋಗುವುದು. ಆ ಕತ್ತಲೆಯನ್ನು ನೀವು ಉಳಿಸಿಕೊಡಬೇಕು: ಕೊಳದ ಅರ್ಧ ಭಾಗ ದೀಪ ತಾಗದಂತಿರಲಿ, ನೈದಿಲೆಯ ಎಲೆಗಳು ಹರಡಿದ ಕಡೆಯಾದರೆ ಇನ್ನೂ ಒಳ್ಳೆಯದು.

ಟೈಮರ್ ಹಾಕಿ, ದಿನಕ್ಕೆ 3–4 ಗಂಟೆ ಸಾಕು. ಸೂರ್ಯ ಮುಳುಗುವುದಕ್ಕೆ 15 ನಿಮಿಷ ಮೊದಲೇ ದೀಪ ಹೊತ್ತಿಕೊಳ್ಳಲಿ. ಕಗ್ಗತ್ತಲಲ್ಲಿ ಥಟ್ಟನೆ ದೀಪ ಹಾಕಿದರೆ ಮೀನುಗಳು ಬೆದರಿ ಗೋಡೆಗೆ ಬಡಿದುಕೊಳ್ಳುತ್ತವೆ, ಕೆಲವೊಮ್ಮೆ ಹೊರಗೆ ಹಾರುತ್ತವೆ. ಇದೇ ಕಾರಣಕ್ಕೆ ಕೊಳಕ್ಕೆ ಚಲನೆ ಗುರುತಿಸಿ ಹೊತ್ತುವ ಸೆನ್ಸರ್ ದೀಪ ಸಲ್ಲದು. ಹೊಸ ದೀಪ ಹಾಕಿದ ಮೊದಲ ವಾರ ಗಮನಿಸಿ: ಮೀನುಗಳು ಗುಂಪಾಗಿ ಮೂಲೆಯಲ್ಲೇ ನಿಂತಿದ್ದರೆ, ಕಿವಿರು ಬೇಗ ಬೇಗ ಆಡುತ್ತಿದ್ದರೆ, ಒಂದು ದೀಪ ಆರಿಸಿ ನೋಡಿ.

ನಿರ್ವಹಣೆ ಮತ್ತು ತೊಂದರೆಗಳು

ಗಾಜಿನ ಮೇಲೆ ಪಾಚಿ ಕಟ್ಟುವುದು ತಪ್ಪದು. ಎರಡು ಮೂರು ವಾರಕ್ಕೊಮ್ಮೆ ದೀಪ ಎತ್ತಿ ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ಸೋಪು ಬೇಡ. ಗಡಸು ನೀರಿನ ಬಿಳಿ ಕಲೆ ಇದ್ದರೆ ಕೊಳದಿಂದ ದೂರ ವಿನೆಗರ್‌ನಲ್ಲಿ ಒರೆಸಿ, ಚೆನ್ನಾಗಿ ತೊಳೆದು ಇಳಿಸಿ. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ. ನೀರು ಹೆಪ್ಪುಗಟ್ಟುವ ಪ್ರದೇಶವಾದರೆ ಚಳಿಗಾಲಕ್ಕೆ ಮೊದಲೇ ದೀಪ ತೆಗೆದಿಡಿ.

ಎಲ್ಲ ದೀಪಗಳೂ ಮಂಕಾದರೆ ಮೊದಲು ಗಾಜು ನೋಡಿ, ಆಮೇಲೆ ಜಂಕ್ಷನ್ ಬಾಕ್ಸ್‌ನಲ್ಲಿ ವೋಲ್ಟೇಜ್ ಅಳೆಯಿರಿ. ಟ್ರಾನ್ಸ್‌ಫಾರ್ಮರ್ ಬಳಿ 12 ಇದ್ದು ಬಾಕ್ಸ್‌ನಲ್ಲಿ 10 ಬಂದರೆ ತಂತಿ ಸಣ್ಣದಾಯಿತು ಅಥವಾ ನಡುವೆ ಜೋಡಣೆ ಕಿಲುಬಾಗಿದೆ.

ಒಂದೇ ದೀಪ ಆರಿದರೆ ಅದರ ಕನೆಕ್ಟರನ್ನು ಚೆನ್ನಾಗಿ ಉರಿಯುವ ದೀಪದ ಕನೆಕ್ಟರ್ ಜೊತೆ ಅದಲುಬದಲು ಮಾಡಿ. ತೊಂದರೆ ದೀಪದ್ದೋ ತಂತಿಯದೋ ಆ ಕ್ಷಣವೇ ತಿಳಿಯುತ್ತದೆ.

ಮಳೆ ಬಂದಾಗಲೆಲ್ಲ ಆರ್‌ಸಿಸಿಬಿ ಬೀಳುತ್ತಿದ್ದರೆ ನೀರಿನೊಳಗಿನ 12 ವೋಲ್ಟ್ ದೀಪವನ್ನು ದೂರಬೇಡಿ, ಅದರ ಸೋರಿಕೆ ಆರ್‌ಸಿಸಿಬಿಗೆ ಕಾಣುವುದಿಲ್ಲ. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ, ಹೊರಗಿನ ಪ್ಲಗ್, ಪಂಪಿನ ತಂತಿ ಇವುಗಳಲ್ಲಿ ಹುಡುಕಿ. ಪಂಪಿನ ಪ್ಲಗ್ ಕಿತ್ತ ಮೇಲೆ ಆರ್‌ಸಿಸಿಬಿ ಬೀಳದೆ ನಿಂತರೆ ಕಳ್ಳ ಸಿಕ್ಕಂತೆ. ಆ ಪಂಪನ್ನು ಮತ್ತೆ ಹಾಕಬೇಡಿ.

ದೀಪ ಅರ್ಧ ಗಂಟೆ ಉರಿದು ಆರಿ, ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಹೊತ್ತಿಕೊಳ್ಳುತ್ತಿದ್ದರೆ ಅದು ಕಾದು ತನ್ನನ್ನು ತಾನೇ ಆರಿಸಿಕೊಳ್ಳುತ್ತಿದೆ ಎಂದರ್ಥ. ನೀರಿನ ಮಟ್ಟ ಇಳಿದು ದೀಪದ ತಲೆ ಹೊರಗೆ ಬಂದಿರಬಹುದು, ಇಲ್ಲವೇ ಕೆಸರು, ಕೊಳೆತ ಎಲೆ ಅದನ್ನು ಮುಚ್ಚಿರಬಹುದು. ನೀರು ತುಂಬಿಸಿ, ದೀಪದ ಸುತ್ತ ನಾಲ್ಕು ಬೆರಳಿನಷ್ಟು ತೆರಪು ಮಾಡಿ. ಆಮೇಲೂ ಹಾಗೇ ಆದರೆ ಟ್ರಾನ್ಸ್‌ಫಾರ್ಮರ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಆರುತ್ತಿರುವುದು ದೀಪವಲ್ಲ, ಟ್ರಾನ್ಸ್‌ಫಾರ್ಮರ್. ಹೊರೆ ಕಡಿಮೆ ಮಾಡಿ, ಅಥವಾ ದೊಡ್ಡದು ತನ್ನಿ.